ಕಾಕಾನ ಟ್ರಂಕಿನ್ಯಾಗ ಸಿಕ್ಕ ಹಳೇ ಬಿಲೇ ಪ್ಲೇಟ್ ಏನ್ ಮಾಡ್ಲಿ?

ನಿಮ್ಮ ಪ್ರಶ್ನೆ ಓದಿ ಭಾಳ ಖುಷಿ ಆತ್ರಿ. ಗದಗಿನ ಮನಿಯಾಗ ಕಾಕಾನ ಟ್ರಂಕಿನೊಳಗ ಎರಡು ಕಂಡಿ ಇರೋ, ಸ್ಪ್ರಿಂಗ್ ಹಚ್ಚಿದ ಅಲ್ಯೂಮಿನಿಯಂ ಬಿಲ್ಲೆ ಒಂದು, ಇಂಗ್ಲಿಷ್ ಎಂಟರ ಆಕಾರದ್ದೊಂದು ಸಿಕ್ಕಾವು, ಪಾಲಿಶ್ ಮಾಡಿಸಿ ಇಡ್ಲೋ ಇಲ್ಲಾ ಬದಾಮಿಗೆ ಒಯ್ದು ಬಂಡೆಗಲ್ಲು ಹತ್ತಾಕ ಬಳಸ್ಲೋ ಅಂತ ಕೇಳೀರಿ. ಎರಡೂ ಬ್ಯಾಡ್ರಿ. ನಾನು ಹುಬ್ಬಳ್ಳಿಯಾಂವ, ಹತ್ತು ಹನ್ನೊಂದು ವರ್ಷದಿಂದ ಇಂಥಾವನ್ನ ಕೂಡಿಸ್ಕೋತ ಬಂದೀನಿ, ಅದಕ್ಕ ಹೇಳಾಕತ್ತೀನಿ.

ಆ ಬಿಲ್ಲೆ ಸ್ಟಿಖ್ಟ್ ಪ್ಲೇಟ್, ಬಿಲೇ ಮಾಡೋದಕ್ಕ, ಅಂದ್ರ ಬಂಡೆಗಲ್ಲು ಹತ್ತಾಂವ ಬಿದ್ರ ಕೆಳಗಿನಾಂವ ಹಗ್ಗ ತಡಿಯೋದಕ್ಕ ಬಳಸೋದು. ಜರ್ಮನಿಯ ಫ್ರಿಟ್ಸ್ ಸ್ಟಿಖ್ಟ್ 1960ರ ದಶಕದ ಕೊನಿಗೆ ಮಾಡಿದ್ದು, ಸಲೇವಾ ಕಂಪನಿ ಮಾರಿತು. ಅದಕ್ಕಿಂತ ಮೊದಲ ಮ್ಯಾಲ ಹತ್ತಾಂವ ಬಿದ್ರ ಕೆಳಗಿನಾಂವ ಹಗ್ಗಾನ ತನ್ನ ಸೊಂಟಕ್ಕ ಸುತ್ಕೊಂಡ ತಡೀಬೇಕಿತ್ತು, ಕೈ ಬೆನ್ನು ಸುಟ್ಟ ಹೋಗತಿದ್ವು. ಈ ಬಿಲ್ಲೆ ಬಂದಮ್ಯಾಲ ಆ ತಿಕ್ಕಾಟ ಮೈ ಬಿಟ್ಟು ಲೋಹಕ್ಕ ಹೋತು. ಹಗ್ಗಾನ ಮಡಚಿ ಕಂಡಿಯೊಳಗ ತೂರಿಸಿ ಆಕಡೆ ಕ್ಯಾರಬೈನರಿಗೆ (ಬಾಗಿಲಿರೋ ಲೋಹದ ಕೊಂಡಿಗೆ) ಸಿಗಿಸೋದು, ಅಷ್ಟ. ಸ್ಪ್ರಿಂಗ್ ಯಾಕಂದ್ರ ಬಿಲ್ಲೆ ಹೋಗಿ ಕ್ಯಾರಬೈನರಿಗೆ ಅಂಟ್ಕೊಂಡು ಹಗ್ಗ ಬಿಡೋ ಹೊತ್ತಿನ್ಯಾಗ ಕಚ್ಚಬಾರದು ಅಂತ. ಮುಂದ ಬಂದ ಎಟಿಸಿಯಂಥಾ ಟ್ಯೂಬ್ ಆಕಾರದ ಬಿಲೇ ಸಾಧನ ಎಲ್ಲಾ ಇದರ ಮೊಮ್ಮಕ್ಕಳು. 1991ರಾಗ ಬಂದ ಪೆಟ್ಜಲ್ ಕಂಪನಿಯ ಗ್ರಿಗ್ರಿ ಬ್ಯಾರೆ ಜಾತಿ, ಹಗ್ಗ ಜಗ್ಗಿದ ಕೂಡಲೇ ಒಳಗಿನ ಕ್ಯಾಮ್ ಅನ್ನೋ ಲೋಹದ ತುಂಡು ತಿರುಗಿ ಒತ್ತಿ ಹಿಡಿತೈತಿ. ಬಣ್ಣಕ್ಕೊಂದು ಕಂಪನಿಗೊಂದು ಅಂತ ಕೂಡಿಸಬ್ಯಾಡ್ರಿ, ಹಗ್ಗ ತಡಿಯೋ ಹೊಸ ಉಪಾಯ ಒಂದೊಂದಕ್ಕ ಒಂದೊಂದು ನಮೂನಿ ಇಟ್ರ ಸಾಕು.

ಎಂಟರ ಆಕಾರದ್ದು ಫಿಗರ್ ಏಯ್ಟ್, ಹೆಚ್ಚಾಗಿ ರ‍್ಯಾಪೆಲ್ ಇಳಿಯಾಕ, ಅಂದ್ರ ಹಗ್ಗದ ಮ್ಯಾಲ ಜಾರಕೋತ ಕೆಳಗ ಬರಾಕ. ಸರಳ ಐತಿ, ಬಿಸಿನೂ ಚೊಲೋ ತಡಿತೈತಿ, ಆದ್ರ ಹಗ್ಗ ಮುರುವು ಬೀಳತೈತಿ. ಅದರ ಹಗ್ಗ ಹಾಯೋ ಜಾಗಾ ಬೆರಳಿಲೆ ಸವರಿ ನೋಡ್ರಿ. ನಮ್ಮ ಕಡೆ ಹಳೇ ಬಾವಿ ಕಟ್ಟಿ ಕಲ್ಲಿಗೆ ಹಗ್ಗ ತಿಂದು ಬಿದ್ದ ಗೀರು ಇರತಾವಲ್ರಿ, ಹಂಗ ಒಂದು ತಗ್ಗು ಸಿಕ್ಕೀತು. ಬದಾಮಿದು ಮರಳುಗಲ್ಲು, ಹಗ್ಗಕ್ಕ ಉಸುಕು ಹತ್ತಿದ್ರ ಅದು ಅರದಂಗ ಅಲ್ಯೂಮಿನಿಯಂ ಸವಸತೈತಿ. ಆ ತಗ್ಗ ನಿಮ್ಮ ಕಾಕಾ ಇಳಿದ ಲೆಕ್ಕ.

ನನ್ನ ಮೊದಲನೇದು ನನಗ ಹತ್ತಾಕ ಕಲಿಸಿದ ಸರ್ ಕೊಟ್ಟಿದ್ದು, ಹೊಳಪು ಬರ್ಲಿ ಅಂತ ಪಾಲಿಶ್ ಪೇಪರ್ ತಗೊಂಡು ಒಂದ ಸಂಜಿ ಕುಂತು ತಿಕ್ಕಿಬಿಟ್ಟೆ, ಕೆತ್ತಿದ್ದ ಗುರುತು ಹೋತು, ಅವರು ಮೊಳಿಲೆ ಗೀಚಿದ್ದ ಹೆಸರಿನ ಮೊದಲ ಅಕ್ಷರಾನೂ ಹೋತು. ಈಗ ಅದು ಯಾವ ಕಂಪನಿದು ಅಂತ ಹೇಳಾಕ ಬರಂಗಿಲ್ಲ, ಆ ಅಕ್ಷರದ್ದು ಇವತ್ತಿಗೂ ಸಂಕಟ ಆಗತೈತಿ. ಒಣಾ ಅರಿವಿಲೆ ಒರಸ್ರಿ, ಸಾಕು. ಸ್ಪ್ರಿಂಗ್ ಉಕ್ಕಿಂದು, ಬಿಲ್ಲೆ ಅಲ್ಯೂಮಿನಿಯಂ, ಮಳಿಗಾಲದ ಥಂಡಿಯಾಗ ಎರಡೂ ಕೂಡಿದ ಕಡೆ ಬಿಳೇ ಪುಡಿ ಏಳತೈತಿ, ಅದಕ್ಕ ಒಣಗಿದ ಡಬ್ಬಿಯಾಗ ಇಡ್ರಿ.

ಬಳಸೋ ಮಾತು ಯಾಕ ಬ್ಯಾಡ ಅಂದ್ರ, ಆ ಕಾಲದ ಕಂಡಿ 11 ಮಿಲಿಮೀಟರ್, 9 ಮಿಲಿಮೀಟರ್ ಹಗ್ಗಕ್ಕ ಲೆಕ್ಕ ಹಾಕಿ ಮಾಡಿದ್ದು. ಈಗ ದಪ್ಪ ಹಗ್ಗದ ಜಾಗಾಕ್ಕ ಸಣ್ಣವು ಬಂದಾವು, ನುಣುಪೂ ಅದಾವು, ಆ ಕಂಡಿಯೊಳಗ ಸರ್ರ್ ಅಂತ ಜಾರತಾವು. ಮ್ಯಾಲ ಸವದ ಅಂಚು ಚೂಪಾಗಿದ್ರ ಹಗ್ಗದ ಮ್ಯಾಲಿನ ಪದರ ಕೊಯ್ಯತೈತಿ. ಹೊಸಾ ಡಿವೈಸ್ ತಗೋರಿ, ಅದರಾಗ ಉಳಿತಾಯ ಮಾಡಬ್ಯಾಡ್ರಿ.

ಕಾಕಾ ಇನ್ನೂ ಇದ್ರ ಈ ವಾರಾನ ಅವರ ಮುಂದ ಎರಡೂ ಇಟ್ಟು ಕೇಳ್ರಿ, ಯಾವ ಬಂಡೆಗಲ್ಲು, ಯಾವ ವರ್ಷ, ಹಗ್ಗದ ಆಕಡೆ ಯಾರಿದ್ರು ಅಂತ. ಅವರು ಹೇಳಿದ್ದನ್ನ ಅವರ ಮಾತಿನ್ಯಾಗ ಒಂದ ಚೀಟಿ ಮ್ಯಾಲ ಬರದು ದಾರಾ ಕಟ್ಟಿ ಅದಕ್ಕ ಜೋಡಿಸ್ರಿ. ನನ್ನ ಡಬ್ಬಿಯೊಳಗ ಅಂಥ ಚೀಟಿ ಇರೋವು ಆರ ಅದಾವು, ಉಳಿದಾವಕ್ಕ ಕೇಳೋಣಂದ್ರ ಯಾರೂ ಉಳಿದಿಲ್ಲ.