ಅಳುನೂ ಬರಲ್ಲ, ನಗುನೂ ಬರಲ್ಲ ಅಂದವರಿಗೆ

ಅಪ್ಪ ತೀರಿಕೊಂಡಾಗ ಅಳು ಬರಲಿಲ್ಲ, ತಂಗಿ ಮದುವ್ಯಾಗ ಖುಷಿನೂ ಆಗಲಿಲ್ಲ, ಎಂಟು ತಿಂಗಳಿಂದ ಯಾವುದಕ್ಕೂ ಅರ್ಥ ಕಾಣವಲ್ದು ಅಂತ ಬರೆದೀರಿ. ಇದು ಹೆಚ್ಚಾಗಿ ಖಿನ್ನತೆ. ಖಿನ್ನತೆ ಅಂದ್ರ ಬರೇ ಅಳೋದಲ್ಲ, ಏನೂ ಅನ್ನಿಸದೇ ಇರೋದೂ ಅದರ ಮುಖ್ಯ ಲಕ್ಷಣನೇ. ಅಪ್ಪನ ದುಃಖ ಒಳಗೇ ಸಿಕ್ಕೊಂಡಿರಲೂಬಹುದು; ಯಾವುದು ಅಂತ ಡಾಕ್ಟರೇ ಹೇಳಬೇಕು. ಎರಡು ವಾರ ದಾಟಿದ್ರೇ ತೋರಿಸಬೇಕು, ನಿಮಗ ಎಂಟು ತಿಂಗಳಾಗ್ಯಾದ.

ಮೊದಲು ಥೈರಾಯ್ಡ್, ಬಿ12, ಹಿಮೋಗ್ಲೋಬಿನ್ ರಕ್ತ ಪರೀಕ್ಷೆ ಮಾಡಿಸ್ರಿ. ಅವು ಏರುಪೇರಾದ್ರೂ ಹಿಂಗ ಆಗ್ತದ. ರಿಪೋರ್ಟ್ ಹಿಡ್ಕೊಂಡು ಕಲಬುರಗಿಯ ಸರ್ಕಾರಿ ಆಸ್ಪತ್ರೆ ಜಿಮ್ಸ್‌ನ ಮನೋರೋಗ ವಿಭಾಗಕ್ಕ ಹೋಗ್ರಿ. ಗುಳಿಗಿ ಕೊಟ್ರ ಗುಣ ಕಾಣಲಿಕ್ಕೆ 2ರಿಂದ 4 ವಾರ, ಒಮ್ಮೊಮ್ಮೆ ಹೆಚ್ಚೇ ಹಿಡೀತದ, ನಡುವ ಬಿಡಬ್ಯಾಡ್ರಿ. ಈಗಾಗಲೇ ಏನರ ತಗೋತಿದ್ರ ಅದನ್ನೂ ಹೇಳ್ರಿ. ಕೆಲವು ಗುಳಿಗಿಯಿಂದನೇ ಮನಸು ಮರಗಟ್ತದ.

ಅಲ್ಲಿತನಕ, ಮನಸು ಬಂದ ಮ್ಯಾಲ ಮಾಡ್ತೀನಿ ಅಂತ ಕುಂದ್ರಬ್ಯಾಡ್ರಿ. ಕೆಲಸ ಮೊದಲು, ಮನಸು ಆಮ್ಯಾಲ. ಬಿಸಿಲು ಏರೂದ್ರೊಳಗ (ನಮ್ಮ ಬಿಸಿಲು ನಿಮಗೇನು ಹೇಳೂದು) ಕಲಬುರಗಿಯ ಶರಣಬಸವೇಶ್ವರ ಕೆರಿ (ಅಪ್ಪನ ಕೆರಿ) ಕಡೆ ಹದಿನೈದು ನಿಮಿಷ ನಡೀರಿ, ದಿನಾ ಒಬ್ಬರ ಜೊತಿ ಮಾತಾಡ್ರಿ. ಖುಷಿ ಆಯ್ತೇನು ಅಂತ ಪ್ರತಿಸಲ ತೂಗಿ ನೋಡಬ್ಯಾಡ್ರಿ. ಕುಡಿಯೂದಿದ್ರ ನಿಲ್ಲಿಸ್ಲಿಕ್ಕೂ ಡಾಕ್ಟರನ್ನೇ ಕೇಳ್ರಿ. ಬದುಕಿನ ಅರ್ಥದ ಪ್ರಶ್ನೆ ಸದ್ಯ ಬದಿಗಿಡ್ರಿ. ದಣಿದ ತಲಿಗೆ ‘ಏನೂ ಇಲ್ಲ’ ಅನ್ನೋ ಉತ್ತರನೇ ಹೊಳೀತದ.

ಸತ್ತರ ಚಲೋ ಅನ್ನೋ ವಿಚಾರ ಬಂದ್ರ ಮಾತ್ರ ಆಸ್ಪತ್ರೆ ತೆರೆಯೋತನಕ ಕಾಯಬ್ಯಾಡ್ರಿ. ಆಗಿಂದಾಗ ಮನಿಯವರೊಬ್ಬರಿಗೆ ಹೇಳಿ, 14416ಕ್ಕ ಫೋನ್ ಹಚ್ರಿ. ಟೆಲಿ ಮಾನಸ್, ಸರ್ಕಾರದ್ದು. ಹಗಲು ರಾತ್ರಿ ಇರ್ತದ, ಪುಕ್ಕಟೆ, ಕನ್ನಡದಾಗೇ ಮಾತಾಡ್ತಾರ.