ಹಿರಿಯೂರು ಬಳಿ ಅಪಘಾತ: ದಾವಣಗೆರೆಯಲ್ಲೇ ಪರಿಹಾರ ಕೇಳಬಹುದೇ?

ಗೆಳೆಯರು ಓಡಿಸುತ್ತಿದ್ದ ಕಾರಿನಲ್ಲಿದ್ದ ನೀವು ಹಿರಿಯೂರು ಬಳಿ ಲಾರಿಯೊಂದಿಗಿನ ಅಪಘಾತದಲ್ಲಿ ಗಾಯಗೊಂಡಿದ್ದೀರಿ. ಪರಿಹಾರವನ್ನು ದಾವಣಗೆರೆಯಲ್ಲೇ ಕೇಳಬಹುದೇ ಎಂಬುದು ನಿಮ್ಮ ಪ್ರಶ್ನೆ. ಲಾರಿಯ ವಿಮಾ ಕಂಪನಿ ಕೊಡುತ್ತೇನೆನ್ನುವ 40,000 ರೂಪಾಯಿ ಬಹುಶಃ ಆಸ್ಪತ್ರೆ ಬಿಲ್ಲಿನ ಲೆಕ್ಕ ಮಾತ್ರ. ಕಾಲು ಮುರಿದು ನಾಲ್ಕು ತಿಂಗಳಿಂದ ನಿಮ್ಮ ಗ್ಯಾರೇಜು ಮುಚ್ಚಿದೆ. ಆ ನಷ್ಟ, ಮುಂದೆ ಉಳಿಯಬಹುದಾದ ಊನ, ಪಟ್ಟ ನೋವು ಅದರಲ್ಲಿ ಸೇರಿದಂತೆ ಕಾಣುವುದಿಲ್ಲ. ‘ಪೂರ್ಣ ಇತ್ಯರ್ಥ’ದ ಕಾಗದಕ್ಕೆ ದಯವಿಟ್ಟು ಸಹಿ ಹಾಕಬೇಡಿ.

ಮೊದಲು ಪ್ರಕರಣ ದಾಖಲಾದ ಠಾಣೆಯಿಂದ ಎಫ್‌ಐಆರ್, ಸ್ಥಳ ಮಹಜರು (ಅಪಘಾತದ ಜಾಗ ನೋಡಿ ಪೊಲೀಸರು ಬರೆದ ವರದಿ), ಗಾಯದ ಪ್ರಮಾಣಪತ್ರಗಳ ಪ್ರತಿ ಪಡೆಯಿರಿ. ನಂತರ ವಕೀಲರ ಮೂಲಕ ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಡಿ ಪರಿಹಾರದ ಅರ್ಜಿ ಹಾಕಿ. ಅಪಘಾತ ಚಿತ್ರದುರ್ಗ ಜಿಲ್ಲೆಯಲ್ಲಾಗಿದ್ದರೂ ನೀವು ವಾಸಿಸುವ ದಾವಣಗೆರೆಯ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲೇ ಹಾಕಬಹುದು. ಕುಂಟುತ್ತಾ ಹಿರಿಯೂರಿಗೆ ಅಲೆಯಬೇಕಿಲ್ಲ. 2022ರ ಏಪ್ರಿಲ್ 1ರಿಂದ ಕಾಯ್ದೆಯಲ್ಲಿ ಅರ್ಜಿ ಹಾಕಲು ಅಪಘಾತದ ದಿನದಿಂದ ಆರು ತಿಂಗಳ ಗಡುವಿದೆ. ನಿಮಗೆ ಉಳಿದಿರುವುದು ಎರಡೇ ತಿಂಗಳು, ಆದ್ದರಿಂದ ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಕಾಯಬೇಡಿ, ಅದನ್ನು ಆಮೇಲೆ ಸಲ್ಲಿಸಬಹುದು.

ಪರಿಹಾರದ ಲೆಕ್ಕದಲ್ಲಿ ವೈದ್ಯರು ಬರೆಯುವ ಊನದ ಶೇಕಡಾವಾರಿಗಿಂತ ಕೆಲಸಕ್ಕೆ ಆದ ತೊಡಕು ಮುಖ್ಯ. ಕುಕ್ಕರಗಾಲಿನಲ್ಲಿ ಕೂರಲಾಗದ ಮೆಕ್ಯಾನಿಕ್‌ನ ಗಳಿಕೆ ಎಷ್ಟು ಕುಗ್ಗುತ್ತದೆ ಎಂಬುದನ್ನು ಸಾಕ್ಷ್ಯದಲ್ಲಿ ಹೇಳಿಸಿ. ಗ್ಯಾರೇಜಿನ ಬಿಲ್ ಪುಸ್ತಕ, ಬ್ಯಾಂಕ್ ಪಾಸ್‌ಬುಕ್ ಜೋಪಾನವಾಗಿಡಿ.

ಕಾರು ಓಡಿಸುತ್ತಿದ್ದ ನಿಮ್ಮ ಗೆಳೆಯರ ತಪ್ಪೂ ಇತ್ತೇ ಎಂಬುದು ನಿಮ್ಮ ಪ್ರಶ್ನೆಯಿಂದ ತಿಳಿಯುವುದಿಲ್ಲ. ಇದ್ದರೆ ಆ ಕಾರಿನ ಮಾಲೀಕರನ್ನೂ ಅದರ ವಿಮಾ ಕಂಪನಿಯನ್ನೂ ಎದುರುದಾರರನ್ನಾಗಿ ಸೇರಿಸಲು ವಕೀಲರಿಗೆ ಹೇಳಿ.