ಅಗಲ ಮೂತಿಯ ಡಿಸ್ಕ್‌ಗೆ ಮೊಬೈಲ್ ಕೇಬಲ್

ಪ್ರಶ್ನೆ: ನಾನು ಯಕ್ಷಗಾನದ ವಿಡಿಯೋ ಮಾಡುವವ. ಒಂದು ರಾತ್ರಿಯ ಆಟ ಅಂದರೆ ಸುಮಾರು 60 ಜಿಬಿ. ಹೊಸ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತಗೊಂಡೆ. ಬಾಕ್ಸಿನ ಮೇಲೆ ‘ಯುಎಸ್‌ಬಿ 3.2 ಜೆನ್ 1’ ಎಂದಿದೆ, ಲ್ಯಾಪ್‌ಟಾಪ್‌ನಲ್ಲಿ ವೇಗದ ನೀಲಿ ಪೋರ್ಟೂ ಇದೆ. ಆದರೂ ಕಾಪಿ ಆಗಲು ಅರ್ಧ ಗಂಟೆ! ಅದರ ಕೇಬಲ್ ಪೆರ್ಲದ ಆಟದಲ್ಲಿ ಕಳೆದುಹೋಯಿತು, ಹಳೇ ಮೊಬೈಲಿನದ್ದು ಹಾಕುತ್ತಿದ್ದೇನೆ. ಡಿಸ್ಕ್ ಡೂಪ್ಲಿಕೇಟಾ? ಹಳೇ ಡೆಸ್ಕ್‌ಟಾಪ್‌ಗೆ ಹಾಕಿದರೆ ಹಾಳಾಗುತ್ತದಾ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಅಂಗಡಿಯವರ ಹತ್ತಿರ ಜಗಳಕ್ಕೆ ಹೋಗಬೇಡಿ ಮಾರಾಯ್ರೇ, ಕಳ್ಳ ಆ ಮೊಬೈಲ್ ಕೇಬಲ್ಲೇ. ನಿಮ್ಮ ಡಿಸ್ಕಿನ ಅಗಲ ಮೂತಿಯನ್ನು ಸರಿಯಾಗಿ ನೋಡಿ. ಅದರಲ್ಲಿ ಎರಡು ಭಾಗ ಇದೆ. ದೊಡ್ಡ ಭಾಗ ಹಳೇ ಮೈಕ್ರೋ ಯುಎಸ್‌ಬಿ ಆಕಾರದ್ದು, ಹಾಗಾಗಿ ಮೊಬೈಲ್ ಕೇಬಲ್ ಅಲ್ಲಿ ಸಲೀಸಾಗಿ ಕೂರುತ್ತದೆ. ವೇಗದ ಡೇಟಾ ಹೋಗುವ ಪಿನ್‌ಗಳು ಇರುವುದು ಪಕ್ಕದ ಸಣ್ಣ ಭಾಗದಲ್ಲಿ. ಅದು ಖಾಲಿ ಬಿದ್ದರೆ ಡಿಸ್ಕ್ 2000ನೇ ಇಸವಿಯ ಯುಎಸ್‌ಬಿ 2.0 ಲೆಕ್ಕದಲ್ಲೇ ಓಡುತ್ತದೆ. ಅದರ ಮಿತಿ ಸೆಕೆಂಡಿಗೆ 480 ಮೆಗಾಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ ಎಂಟರಿಂದ ಭಾಗಿಸಿದರೆ 60 ಮೆಗಾಬೈಟ್, ನಿಜವಾಗಿ ಸಿಗುವುದು 35ರ ಆಸುಪಾಸು. 60 ಜಿಬಿಗೆ ಅರ್ಧ ಗಂಟೆ ಬೇಕೇ ಬೇಕು.

ಸರಿಯಾದ ಕೇಬಲ್ ಹಾಕಿದರೆ ಹತ್ತು ನಿಮಿಷದ ಕೆಲಸ. ಬಾಕ್ಸಿನ ಮೇಲಿನ ‘3.2 ಜೆನ್ 1’ರ ಲೆಕ್ಕದ ಸೆಕೆಂಡಿಗೆ 5 ಗಿಗಾಬಿಟ್ ಪೂರ್ತಿ ಸಿಗುತ್ತದೆ ಅಂತ ಮಾತ್ರ ಕಾಯಬೇಡಿ. ಒಳಗೆ ತಿರುಗುವ ತಟ್ಟೆಯ ಡಿಸ್ಕ್ ಸೆಕೆಂಡಿಗೆ ನೂರು ಚಿಲ್ಲರೆ ಮೆಗಾಬೈಟ್ ಕೊಟ್ಟರೆ ದೊಡ್ಡದು.

ಇನ್ನು ಈ ‘3.2 ಜೆನ್ 1’ ನೋಡಿ ಮರುಳಾಗಬೇಡಿ. 2008ರಲ್ಲಿ 3.0 ಅಂತ ಬಂದದ್ದೇ ಆಮೇಲೆ 3.1 ಜೆನ್ 1 ಆಯಿತು, ಮತ್ತೆ 3.2 ಜೆನ್ 1 ಆಯಿತು. ವೇಗ ಅದೇ 5 ಗಿಗಾಬಿಟ್. ಹೆಸರಿಟ್ಟವರಿಗೆ ಬೇರೆ ಕೆಲಸ ಇರಲಿಲ್ಲವೋ ಏನೋ!

ಹಳೇ ಡೆಸ್ಕ್‌ಟಾಪ್‌ಗೆ ಧಾರಾಳ ಹಾಕಿ, ಏನೂ ಆಗುವುದಿಲ್ಲ. ಎರಡರಲ್ಲಿ ನಿಧಾನದ್ದು ಯಾವುದೋ ಆ ವೇಗಕ್ಕೆ ಇಳಿಯುತ್ತದೆ, ಅಷ್ಟೇ. ಆದರೆ 2.0 ಪೋರ್ಟ್ ಕೊಡಬೇಕಾದ ಕರೆಂಟ್ 500 ಮಿಲಿಆಂಪ್, 3.0 ಪೋರ್ಟ್‌ನದ್ದು 900. ಕರೆಂಟ್ ಸಾಲದೆ ಡಿಸ್ಕ್ ಟಿಕ್ ಟಿಕ್ ಅಂತ ಸದ್ದು ಮಾಡಿ ಶುರುವಾಗದಿದ್ದರೆ ಮುಂದಿನ ಪೋರ್ಟ್ ಬಿಟ್ಟು ಸಿಪಿಯು ಹಿಂದಿನ ಪೋರ್ಟ್‌ಗೆ ಹಾಕಿ ನೋಡಿ.

ಕಾಸರಗೋಡಿಗೆ ಹೋದಾಗ ‘ಮೈಕ್ರೋ ಬಿ 3.0 ಕೇಬಲ್’ ಅಂತ ಕೇಳಿ. ಬರೀ ‘ಹಾರ್ಡ್ ಡಿಸ್ಕ್ ಕೇಬಲ್’ ಅಂದರೆ ಏನಾದರೂ ಕೊಟ್ಟುಬಿಡುತ್ತಾರೆ. ಡಿಸ್ಕನ್ನೂ ಜೊತೆಗೆ ಒಯ್ಯಿರಿ, ಅಲ್ಲೇ ಹಾಕಿ ನೋಡಿ ತನ್ನಿ. ಉದ್ದದ್ದು ಬೇಡ, ಅರ್ಧ ಮೀಟರ್ ಸಾಕು.